ಮಗು ಎಂದರೆ ಎಷ್ಟು ವಯಸ್ಸಿನವರೆಗೆ? ಮಕ್ಕಳ ವೈದ್ಯಕೀಯ ಸಾಧನಗಳ ನಿಯಂತ್ರಣದಲ್ಲಿ ವಯೋಮಿತಿಯ ಪ್ರಶ್ನೆ

‘ಮಗು’ ಎಂಬ ಪದದ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಅದೇ ಪದವು ಕಾನೂನಿನಲ್ಲಿ ಬಳಕೆಯಾದಾಗ ‘ಎಷ್ಟು ವಯಸ್ಸಿನವರೆಗೆ?’ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ದೇಶದಲ್ಲಿಯೇ ಈ ಪ್ರಶ್ನೆಗೆ ಹಲವು ಉತ್ತರಗಳುಂಟು. ರೈಲಿನಲ್ಲಿ ಪ್ರತ್ಯೇಕ ಆಸನ ಬೇಡದಿದ್ದರೆ 5 ವರ್ಷದೊಳಗಿನ ಮಗುವಿಗೆ ಟಿಕೆಟ್ಟು ಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸುತ್ತದೆ. ಬಾಲಕಾರ್ಮಿಕ ಕಾಯಿದೆಯು 2016ರ ತಿದ್ದುಪಡಿಯ ನಂತರ 14 ವರ್ಷ ತುಂಬದವರನ್ನು ಮಕ್ಕಳೆಂದೂ, 14ರಿಂದ 18ರವರೆಗಿನವರನ್ನು ಕಿಶೋರರೆಂದೂ ಗುರುತಿಸುತ್ತದೆ. 1875ರ ಭಾರತೀಯ ಪ್ರಾಪ್ತವಯಸ್ಸಿನ ಕಾಯಿದೆಯ ಪ್ರಕಾರ 18 ವರ್ಷ ತುಂಬಿದವರು ಪ್ರಾಪ್ತವಯಸ್ಕರು. ಭಾರತವು 1992ರಲ್ಲಿ ಸಮ್ಮತಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ 18 ವರ್ಷವನ್ನೇ ಗಡಿಯಾಗಿ ಇರಿಸಿಕೊಂಡಿದೆ.

ಮೇಲ್ನೋಟಕ್ಕೆ ಇದು ಗೊಂದಲವೆಂದು ಕಾಣಬಹುದು. ವಸ್ತುತಃ ಪ್ರತಿಯೊಂದು ಗಡಿಯೂ ಆಯಾ ಕಾನೂನಿನ ಉದ್ದೇಶಕ್ಕೆ ಅನುಗುಣವಾಗಿದೆ. ಶಾಲೆಯ ಗಡಿ ಕಲಿಕೆಗೆ ಸಂಬಂಧಿಸಿದ್ದು, ದುಡಿಮೆಯ ಗಡಿ ಶೋಷಣೆಯಿಂದ ರಕ್ಷಣೆಗೆ ಸಂಬಂಧಿಸಿದ್ದು, ಒಪ್ಪಂದದ ಗಡಿ ವಿವೇಚನಾಶಕ್ತಿಗೆ ಸಂಬಂಧಿಸಿದ್ದು. ಹಾಗಾದರೆ ಹೃದಯದ ಕವಾಟ, ಪೇಸ್‌ಮೇಕರ್, ಶ್ರವಣ ಸಾಧನ, ರಕ್ತದೊತ್ತಡ ಅಳೆಯುವ ಪಟ್ಟಿ ಮೊದಲಾದ ವೈದ್ಯಕೀಯ ಸಾಧನಗಳ ವಿಷಯದಲ್ಲಿ ಮಗು ಯಾರು? ಅಲ್ಲಿ ಗಡಿಯನ್ನು ಯಾವುದರ ಆಧಾರದ ಮೇಲೆ ಎಳೆಯಬೇಕು? ಮಗುವಿನ ದೇಹದಲ್ಲಿ ಇರಿಸುವ ಸಾಧನವು ಆ ದೇಹಕ್ಕಾಗಿಯೇ ಪರೀಕ್ಷಿಸಲ್ಪಟ್ಟಿದೆಯೇ ಎಂಬುದು ಈ ಉತ್ತರವನ್ನು ಅವಲಂಬಿಸಿರುವುದರಿಂದ ಪ್ರತಿಯೊಬ್ಬ ತಂದೆತಾಯಿಯೂ ಈ ವಿಷಯವನ್ನು ಅರಿತಿರುವುದು ಒಳಿತು.

ಒಂದೇ ಸಂಸ್ಥೆ, ಎರಡು ಗಡಿಗಳು

ಈ ಪ್ರಶ್ನೆಯನ್ನು ವಿಶದವಾಗಿ ಚರ್ಚಿಸಿ ಕಾನೂನಿನಲ್ಲಿ ಬರೆದಿಟ್ಟ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಪ್ರಮುಖವಾದುದು. ಅಲ್ಲಿ ಔಷಧಗಳಿಗೂ ವೈದ್ಯಕೀಯ ಸಾಧನಗಳಿಗೂ ಅನುಮೋದನೆ ನೀಡುವ ಸಂಸ್ಥೆ ಒಂದೇ, ಎಫ್‌ಡಿಎ ಎಂದು ಪ್ರಸಿದ್ಧವಾದ ಆಹಾರ ಮತ್ತು ಔಷಧ ಆಡಳಿತ. ಆದರೆ ಈ ಒಂದೇ ಸಂಸ್ಥೆಯು ಎರಡು ಬೇರೆ ಬೇರೆ ವಯೋಮಿತಿಗಳನ್ನು ಅನುಸರಿಸುತ್ತದೆ. ಔಷಧದ ಚೀಟಿಯ ಮೇಲೆ ಮುದ್ರಿಸುವ ಮಾಹಿತಿಯ ಮಟ್ಟಿಗೆ ಮಕ್ಕಳೆಂದರೆ ಹುಟ್ಟಿನಿಂದ 16 ವರ್ಷದವರೆಗಿನವರು, ಅಂದರೆ 17 ವರ್ಷ ತುಂಬದವರು. ವೈದ್ಯಕೀಯ ಸಾಧನಗಳ ಮಟ್ಟಿಗಾದರೋ, ರೋಗನಿದಾನದ ಅಥವಾ ಚಿಕಿತ್ಸೆಯ ಸಮಯದಲ್ಲಿ 21 ವರ್ಷದವರು ಇಲ್ಲವೆ ಅದಕ್ಕಿಂತ ಕಿರಿಯರು ಮಕ್ಕಳ ವರ್ಗಕ್ಕೆ ಸೇರುತ್ತಾರೆ. 22ನೆಯ ಜನ್ಮದಿನದ ಹಿಂದಿನ ದಿನದವರೆಗೆ ಈ ಲೆಕ್ಕ ಅನ್ವಯಿಸುತ್ತದೆ.

ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ ಹೃದಯದ ಕಾಯಿಲೆಗಾಗಿ ಮಾತ್ರೆ ಸೇವಿಸುತ್ತಾನೆಂದು ಭಾವಿಸೋಣ. ಮಾತ್ರೆಯ ಮಟ್ಟಿಗೆ ಅವನು ವಯಸ್ಕ. ಅದೇ ಕಾಯಿಲೆಗಾಗಿ ಅವನ ಎದೆಯಲ್ಲಿ ಸಾಧನವೊಂದನ್ನು ಇರಿಸಿದರೆ, ಆ ಸಾಧನದ ಮಟ್ಟಿಗೆ ಅವನು ಮಕ್ಕಳ ವರ್ಗದಲ್ಲಿದ್ದಾನೆ. ಮತ ಚಲಾಯಿಸುವ ಹಕ್ಕು ಅವನಿಗೆ ಒಂದು ವರ್ಷದ ಹಿಂದೆಯೇ ಬಂದಿರುತ್ತದೆ.

ಸಾಧನಗಳ ಸಂಬಂಧದಲ್ಲಿ ಈ ವರ್ಗವನ್ನು ನಾಲ್ಕು ಉಪವರ್ಗಗಳಾಗಿ ವಿಂಗಡಿಸಲಾಗಿದೆ. ಹುಟ್ಟಿನಿಂದ ಮೊದಲ 28 ದಿನಗಳವರೆಗೆ ನವಜಾತ ಶಿಶು. 29ನೆಯ ದಿನದಿಂದ 2 ವರ್ಷ ತುಂಬುವವರೆಗೆ ಶಿಶು. 2 ವರ್ಷದಿಂದ 12 ವರ್ಷ ತುಂಬುವವರೆಗೆ ಮಗು. 12 ವರ್ಷದಿಂದ 22ನೆಯ ಜನ್ಮದಿನ ಬರುವವರೆಗೆ ಕಿಶೋರ. ಔಷಧಗಳ ಬಗೆಗೆ ಹಲವು ರಾಷ್ಟ್ರಗಳು ಕೂಡಿ 2000ದಲ್ಲಿ ರೂಪಿಸಿದ ‘ಐಸಿಎಚ್ ಇ-11’ ಎಂಬ ಮಾರ್ಗಸೂಚಿಯೂ ಬಹುಮಟ್ಟಿಗೆ ಇದೇ ವಿಂಗಡಣೆಯನ್ನು ಹೊಂದಿದೆ. ಆದರೆ ಅದು ದಿನ ತುಂಬುವ ಮೊದಲೇ ಜನಿಸಿದ ಶಿಶುಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತದೆ. ಕಿಶೋರಾವಸ್ಥೆಯ ಮೇಲಿನ ಗಡಿಯನ್ನು ಆಯಾ ಪ್ರದೇಶದ ಪದ್ಧತಿಗನುಸಾರವಾಗಿ 16ರಿಂದ 18 ವರ್ಷಗಳ ನಡುವೆ ಇರಿಸುತ್ತದೆ. ಆ ಮಾರ್ಗಸೂಚಿಯಲ್ಲಿ ನವಜಾತ ಅವಧಿಯನ್ನು ‘0ಯಿಂದ 27 ದಿನ’ ಎಂದು ಬರೆದಿರುವುದು ಕಂಡುಬರುತ್ತದೆ. ಇದು ಭಿನ್ನಾಭಿಪ್ರಾಯವಲ್ಲ. ಹುಟ್ಟಿದ ದಿನವನ್ನು ಸೊನ್ನೆಯೆಂದು ಎಣಿಸಿದರೆ 27ರವರೆಗೆ, ಒಂದೆಂದು ಎಣಿಸಿದರೆ 28ರವರೆಗೆ. ಒಟ್ಟು ದಿನಗಳು ಎರಡರಲ್ಲಿಯೂ 28.

ಸಾಧನಕ್ಕೆ ಗಡಿಯು ಏಕೆ ಮುಂದಕ್ಕೆ ಹೋಯಿತು?

ಔಷಧವು ದೇಹವನ್ನು ಪ್ರವೇಶಿಸಿ, ತನ್ನ ಕಾರ್ಯ ಮುಗಿಸಿ, ಯಕೃತ್ತು ಮತ್ತು ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಮಗು ಬೆಳೆದಂತೆ ಔಷಧದ ಪ್ರಮಾಣವನ್ನು ಬದಲಿಸಬಹುದು. ದೇಹದೊಳಗೆ ಇರಿಸಿದ ಸಾಧನದ ಸ್ಥಿತಿ ಹಾಗಲ್ಲ. ಅದು ಇಟ್ಟಲ್ಲಿಯೇ, ಇಟ್ಟ ಅಳತೆಯಲ್ಲಿಯೇ ಉಳಿಯುತ್ತದೆ. ಸುತ್ತಲಿನ ದೇಹ ಮಾತ್ರ ಬೆಳೆಯುತ್ತದೆ. ಎರಡು ವರ್ಷದ ಮಗುವಿಗೆ ಅಳವಡಿಸಿದ ಕೃತಕ ಹೃದಯ ಕವಾಟವು ಆ ಮಗು ಹತ್ತು ವರ್ಷದ್ದಾದಾಗ ಕಿರಿದಾಗಿಬಿಡುತ್ತದೆ. ಆಗ ಮತ್ತೊಂದು ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಪೇಸ್‌ಮೇಕರಿನ ತಂತಿಯನ್ನು ಮಕ್ಕಳಲ್ಲಿ ಬಿಗಿಯಾಗಿ ಕೂರಿಸದೆ ಸ್ವಲ್ಪ ಸಡಿಲವಾಗಿ ಬಳಸಿ ಇರಿಸುತ್ತಾರೆ. ಮಗು ಎತ್ತರವಾದಂತೆ ಆ ಸುರುಳಿ ಬಿಚ್ಚಿಕೊಳ್ಳಲಿ ಎಂಬುದು ಇದರ ಉದ್ದೇಶ. ಇದಲ್ಲದೆ ಮಕ್ಕಳು ಓಡುತ್ತಾರೆ, ಬೀಳುತ್ತಾರೆ, ಆಟವಾಡುತ್ತಾರೆ. ಮುಂದೆ ಅನೇಕ ದಶಕಗಳ ಕಾಲ ಅದೇ ಸಾಧನದೊಂದಿಗೆ ಬಾಳಬೇಕಾಗುತ್ತದೆ. ಅರವತ್ತು ವರ್ಷದ ರೋಗಿಗೆ ಸಾಕಾಗುವ ಬಾಳಿಕೆ ಆರು ವರ್ಷದ ರೋಗಿಗೆ ಸಾಲದು.

ಮೂಳೆಗಳ ಬೆಳವಣಿಗೆಯು 16 ವರ್ಷಕ್ಕೆ ಎಲ್ಲರಲ್ಲಿಯೂ ನಿಂತುಬಿಡುವುದಿಲ್ಲ. ಹುಡುಗಿಯರಲ್ಲಿ ಬೇಗನೆ, ಹುಡುಗರಲ್ಲಿ ತಡವಾಗಿ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿ ಅದು ಪೂರ್ಣಗೊಳ್ಳುತ್ತದೆ. ಜನ್ಮತಃ ಹೃದ್ರೋಗವಿರುವವರ ಚಿಕಿತ್ಸೆಯೂ 18ನೆಯ ಹುಟ್ಟುಹಬ್ಬದಂದು ಮುಗಿಯುವುದಿಲ್ಲ. ಗಡಿಯನ್ನು 22ನೆಯ ಜನ್ಮದಿನದವರೆಗೆ ವಿಸ್ತರಿಸಿದರೆ, ಬೆಳವಣಿಗೆಯ ಈ ಕೊನೆಯ ಹಂತವೂ ಪರಿಶೀಲನೆಯ ವ್ಯಾಪ್ತಿಗೆ ಬರುತ್ತದೆ.

ಈ ಗಡಿಗೆ ಆರ್ಥಿಕ ಮಹತ್ವವೂ ಇದೆ. ಕಾಯಿಲೆಯುಳ್ಳ ಮಕ್ಕಳ ಸಂಖ್ಯೆ, ಅದೃಷ್ಟವಶಾತ್, ವಯಸ್ಕ ರೋಗಿಗಳ ಸಂಖ್ಯೆಗಿಂತ ಬಹಳ ಕಡಿಮೆ. ಆದರೆ ಮಾರುಕಟ್ಟೆಯ ದೃಷ್ಟಿಯಿಂದ ಇದೇ ಅವರ ದುರದೃಷ್ಟ. ಕೆಲವೇ ಸಾವಿರ ರೋಗಿಗಳಿಗಾಗಿ, ಅದರಲ್ಲಿಯೂ ನಾಲ್ಕೈದು ಅಳತೆಗಳಲ್ಲಿ ಒಂದು ಸಾಧನವನ್ನು ರೂಪಿಸಿ ಪರೀಕ್ಷಿಸುವುದು ತಯಾರಕರಿಗೆ ಲಾಭದಾಯಕವಾಗುವುದಿಲ್ಲ. ತತ್ಪರಿಣಾಮವಾಗಿ ವೈದ್ಯರು ವಯಸ್ಕರಿಗಾಗಿ ತಯಾರಾದ ಸಾಧನವನ್ನೇ ಮಕ್ಕಳಿಗೆ ಹೊಂದಿಸಿಕೊಳ್ಳಬೇಕಾದ ಪ್ರಸಂಗಗಳು ಪ್ರಪಂಚದೆಲ್ಲೆಡೆ ಇವೆ. ಈ ಕೊರತೆಯನ್ನು ನೀಗಿಸಲು ಅಮೆರಿಕದ ಸಂಸತ್ತು 2007ರಲ್ಲಿ ಮಕ್ಕಳ ವೈದ್ಯಕೀಯ ಸಾಧನಗಳಿಗೆಂದೇ ಶಾಸನವೊಂದನ್ನು ಅಂಗೀಕರಿಸಿತು. ಹೊಸ ಸಾಧನಕ್ಕೆ ಅನುಮೋದನೆ ಕೋರುವವರು, ಅದೇ ಕಾಯಿಲೆಯಿಂದ ನರಳುವ ಮಕ್ಕಳ ಉಪವರ್ಗಗಳ ಬಗ್ಗೆ ಲಭ್ಯವಿರುವ ಮಾಹಿತಿಯನ್ನೂ ಸಲ್ಲಿಸಬೇಕೆಂದು ಅದು ವಿಧಿಸಿತು. ವಿರಳ ಕಾಯಿಲೆಗಳ ಸಾಧನಗಳಿಗೆ ಮಾನವೀಯ ನೆಲೆಯಲ್ಲಿ ನೀಡುವ ವಿನಾಯಿತಿಯಡಿ ಲಾಭ ಗಳಿಸಲು ಇದ್ದ ನಿರ್ಬಂಧವನ್ನು ಮಕ್ಕಳ ಸಾಧನಗಳ ಮಟ್ಟಿಗೆ ಸಡಿಲಿಸಿತು. ಬಲಹೀನ ಹೃದಯಕ್ಕೆ ನೆರವಾಗುವ ‘ಬರ್ಲಿನ್ ಹಾರ್ಟ್’ ಎಂಬ ಪಂಪು 2011ರಲ್ಲಿ ಮಕ್ಕಳ ಬಳಕೆಗೆ ಅನುಮತಿ ಪಡೆದದ್ದು ಇಂತಹ ಮಾನವೀಯ ವಿನಾಯಿತಿಯಡಿಯಲ್ಲಿಯೇ. ಮಗುವಿನ ದೇಹಗಾತ್ರಕ್ಕೆ ತಕ್ಕಂತೆ ಅದನ್ನು ಬೇರೆ ಬೇರೆ ಅಳತೆಗಳಲ್ಲಿ ತಯಾರಿಸಲಾಗುತ್ತದೆ. ಹೀಗೆ, ಗಡಿಯನ್ನು ಎಲ್ಲಿ ಎಳೆಯಲಾಗಿದೆಯೆಂಬುದು ಯಾರಿಗಾಗಿ ಸಂಶೋಧನೆ ನಡೆಯುತ್ತದೆ ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ.

ವಯಸ್ಸು ಒಂದು ಸೂಚಕ ಮಾತ್ರ

ಇಷ್ಟಾದರೂ ವಯಸ್ಸೇ ಎಲ್ಲವೂ ಅಲ್ಲ. ಎಫ್‌ಡಿಎ ತನ್ನ ಮಾರ್ಗಸೂಚಿಯಲ್ಲಿಯೇ ಈ ವಯೋವಿಭಾಗಗಳು ಒಂದು ಮಟ್ಟಿಗೆ ಕೇವಲ ಅನುಕೂಲಕ್ಕಾಗಿ ಮಾಡಿಕೊಂಡವುಗಳೆಂದು ಒಪ್ಪಿಕೊಂಡಿದೆ. ದೇಹದ ತೂಕ, ಗಾತ್ರ, ಅಂಗಾಂಗಗಳ ಹಾಗೂ ನರಮಂಡಲದ ಬೆಳವಣಿಗೆ, ಸ್ನಾಯುಗಳ ಹೊಂದಾಣಿಕೆ ಇವು ಹಲವು ವೇಳೆ ವಯಸ್ಸಿಗಿಂತ ಹೆಚ್ಚು ಸೂಕ್ತವಾದ ಅಳತೆಗಳೆಂದು ಅದು ತಿಳಿಸುತ್ತದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ 2017ರಲ್ಲಿ, ಮಕ್ಕಳ ಚಿಕಿತ್ಸೆಗೆ ಮೇಲಿನ ವಯೋಮಿತಿಯನ್ನು ಯಾಂತ್ರಿಕವಾಗಿ ನಿಗದಿಪಡಿಸುವುದು ಸೂಕ್ತವಲ್ಲವೆಂದು ಅಭಿಪ್ರಾಯಪಟ್ಟಿತು.

ಇದರ ಸತ್ಯವನ್ನು ನಿತ್ಯಬಳಕೆಯ ಸಾಧನಗಳಲ್ಲಿಯೇ ಕಾಣಬಹುದು. ರಕ್ತದೊತ್ತಡವನ್ನು ಅಳೆಯಲು ತೋಳಿಗೆ ಸುತ್ತುವ ಪಟ್ಟಿಯ ಒಳಚೀಲದ ಅಗಲವು ತೋಳಿನ ಸುತ್ತಳತೆಯ ಶೇಕಡ 40ರಷ್ಟಾದರೂ ಇರಬೇಕು. ಉದ್ದವು ಶೇಕಡ 80ರಿಂದ 100ರಷ್ಟು ಭಾಗವನ್ನು ಆವರಿಸಬೇಕು. ಪಟ್ಟಿ ಚಿಕ್ಕದಾದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿಯೂ, ದೊಡ್ಡದಾದರೆ ಕಡಿಮೆಯಾಗಿಯೂ ತೋರುತ್ತದೆ. ಒಂದೇ ತರಗತಿಯಲ್ಲಿ ಓದುವ ಹತ್ತು ವರ್ಷದ ಇಬ್ಬರು ಮಕ್ಕಳ ಪೈಕಿ ಕೃಶನಾದವನಿಗೆ ಚಿಕ್ಕ ಪಟ್ಟಿಯೂ ಸ್ಥೂಲನಾದವನಿಗೆ ದೊಡ್ಡ ಪಟ್ಟಿಯೂ ಬೇಕಾಗಬಹುದು. ಇಲ್ಲಿ ಆಧಾರವಾಗಬೇಕಾದುದು ಜನ್ಮದಿನಾಂಕವಲ್ಲ, ತೋಳು.

2020 ಮತ್ತು 2021ರ ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕ ಮನೆಗಳಿಗೆ ಬಂದಿತು. ವಯಸ್ಕರ ಬೆರಳಿಗೆ ತಯಾರಾದ ಆ ಕ್ಲಿಪ್ಪು ಹಸುಗೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ; ಕೂರದ ಸಾಧನ ತೋರುವ ಅಂಕಿಯನ್ನು ನಂಬಲಾಗದು. ಆಸ್ಪತ್ರೆಗಳಲ್ಲಿ ಶಿಶುಗಳ ಪಾದಕ್ಕೆ ಸುತ್ತುವ ಬೇರೆ ಬಗೆಯ ಸಂವೇದಕವನ್ನು ಬಳಸುವುದು ಇದೇ ಕಾರಣದಿಂದ.

ತುರ್ತು ಚಿಕಿತ್ಸೆಯಲ್ಲಿ ಮಗುವನ್ನು ತೂಗಲು ಸಮಯವಿರುವುದಿಲ್ಲ. ಆಗ ಮಗುವಿನ ಉದ್ದವನ್ನು ಅಳೆದು ಅದರಿಂದ ತೂಕವನ್ನು ಅಂದಾಜು ಮಾಡುವ ‘ಬ್ರೋಸ್ಲೋ ಪಟ್ಟಿ’ ಎಂಬ ಬಣ್ಣದ ಟೇಪನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ. ಅಮೆರಿಕದ ಮಕ್ಕಳ ಅಳತೆಗಳನ್ನು ಆಧರಿಸಿದ ಈ ಪಟ್ಟಿಯನ್ನು ಮುಂಬಯಿಯ ಪರಿಸರದ ಮಕ್ಕಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. 10 ಕಿಲೋಗ್ರಾಮಿಗಿಂತ ಹೆಚ್ಚು ತೂಕದ ಮಕ್ಕಳಲ್ಲಿ ಪಟ್ಟಿಯ ಅಂದಾಜು ನಿಜವಾದ ತೂಕಕ್ಕಿಂತ ಶೇಕಡ 10ಕ್ಕೂ ಅಧಿಕವಾಗಿತ್ತು. ತೂಕದ ಅಂದಾಜು ಹೆಚ್ಚಾದರೆ ಅದನ್ನು ನೆಚ್ಚಿ ನೀಡುವ ಔಷಧದ ಪ್ರಮಾಣವೂ ಹೆಚ್ಚಾಗುತ್ತದೆ. ಒಂದು ನಾಡಿನ ಮಕ್ಕಳಿಗೆ ಹೊಂದುವ ಅಳತೆ ಮತ್ತೊಂದು ನಾಡಿನ ಮಕ್ಕಳಿಗೆ ಹೊಂದಲೇಬೇಕೆಂದಿಲ್ಲ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಇತ್ತೀಚಿನ ಅನುಮೋದನೆಗಳಲ್ಲಿ ಈ ತಿಳಿವಳಿಕೆ ವ್ಯಕ್ತವಾಗಿದೆ. ಅವಧಿಪೂರ್ವವಾಗಿ ಜನಿಸಿದ ಶಿಶುಗಳಲ್ಲಿ ಹೃದಯದ ಬಳಿಯ ರಕ್ತನಾಳವೊಂದು ಮುಚ್ಚದೆ ಉಳಿಯುವುದುಂಟು. ಅದನ್ನು ಮುಚ್ಚಲು ಬಳಸುವ ‘ಪಿಕೊಲೊ’ ಎಂಬ ಪುಟ್ಟ ಸಾಧನಕ್ಕೆ ಎಫ್‌ಡಿಎ 2019ರಲ್ಲಿ ಅನುಮೋದನೆ ನೀಡಿದಾಗ, ಶಿಶುವಿಗೆ ಕನಿಷ್ಠ 3 ದಿನ ಆಗಿರಬೇಕೆಂಬುದರ ಜೊತೆಗೆ ಕನಿಷ್ಠ 700 ಗ್ರಾಂ ತೂಕವಿರಬೇಕೆಂದೂ ಸೂಚಿಸಿತು. ವಯಸ್ಸು ಮತ್ತು ತೂಕ ಎರಡನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ಸಾಧನವು ಯಾರಿಗೆಂಬುದು ಸ್ಪಷ್ಟವಾಗುತ್ತದೆ.

ಕೆಳಗಿನ ಗಡಿಯೂ ಸರಿಯಬಲ್ಲದು

ಮೇಲಿನ ಗಡಿಯಷ್ಟೇ ಮುಖ್ಯವಾದುದು ಕೆಳಗಿನ ಗಡಿ, ಅಂದರೆ ಎಷ್ಟು ಚಿಕ್ಕ ಮಗುವಿಗೆ ಸಾಧನವನ್ನು ಬಳಸಬಹುದು ಎಂಬುದು. ಇದಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಉತ್ತಮ ಉದಾಹರಣೆ. ತೀವ್ರ ಕಿವುಡುತನವಿರುವವರ ಒಳಗಿವಿಯ ಶಂಖದಾಕಾರದ ಭಾಗದಲ್ಲಿ ವಿದ್ಯುದಗ್ರಗಳನ್ನು ಇರಿಸಿ, ಶ್ರವಣ ನರವನ್ನು ನೇರವಾಗಿ ಪ್ರಚೋದಿಸುವ ಸಾಧನವಿದು. ಅಮೆರಿಕದಲ್ಲಿ 1980ರ ದಶಕದಲ್ಲಿ ಇದಕ್ಕೆ ಮೊದಲು ಅನುಮೋದನೆ ದೊರೆತದ್ದು ವಯಸ್ಕರಿಗೆ ಮಾತ್ರ. 1990ರಲ್ಲಿ 2 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮಕ್ಕಳಿಗೂ ಬಳಸಬಹುದೆಂದಾಯಿತು. 2000ದಲ್ಲಿ ಗಡಿಯು 12 ತಿಂಗಳಿಗೆ ಇಳಿಯಿತು. 2020ರಲ್ಲಿ ಒಬ್ಬ ತಯಾರಕರ ಸಾಧನಕ್ಕೆ 9 ತಿಂಗಳ ಶಿಶುಗಳಲ್ಲಿ ಬಳಸಲು ಅನುಮತಿ ದೊರೆಯಿತು.

ಗಡಿಯು ಹೀಗೆ ಇಳಿಯಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಒಳಗಿವಿಯ ಶಂಖವು ಹುಟ್ಟುವಾಗಲೇ ವಯಸ್ಕರಲ್ಲಿರುವಷ್ಟು ಗಾತ್ರವನ್ನು ಪಡೆದಿರುತ್ತದೆ. ಆದ್ದರಿಂದ ವಿದ್ಯುದಗ್ರವನ್ನು ಬೆಳವಣಿಗೆಗೆ ತಕ್ಕಂತೆ ಬದಲಿಸುವ ಅಗತ್ಯವಿಲ್ಲ. ಅದರ ಸುತ್ತಲಿನ ತಲೆಬುರುಡೆ ಬೆಳೆಯುವುದರಿಂದ ತಂತಿಗೆ ಮಾತ್ರ ಸಡಿಲು ಬಿಡಬೇಕಾಗುತ್ತದೆ. ಎರಡನೆಯದಾಗಿ, ಶಬ್ದವನ್ನು ಗ್ರಹಿಸಲು ಮೆದುಳು ಹೆಚ್ಚು ಸಿದ್ಧವಾಗಿರುವುದು ಜೀವನದ ಮೊದಲ ಮೂರೂವರೆ ವರ್ಷಗಳಲ್ಲಿ. ಆ ಅವಧಿ ಕಳೆದಷ್ಟೂ ಮಾತು ಕಲಿಯುವುದು ಕಷ್ಟವಾಗುತ್ತದೆ. ಇಲ್ಲಿ ಎಚ್ಚರಿಕೆಯ ಹೆಸರಿನಲ್ಲಿ ಗಡಿಯನ್ನು ಮೇಲೆಯೇ ಇರಿಸಿದ್ದರೆ, ಮಗುವನ್ನು ಅಪಾಯದಿಂದ ರಕ್ಷಿಸುವ ಬದಲು ಮಾತಿನ ಅವಕಾಶವನ್ನೇ ಅದರಿಂದ ಕಸಿದುಕೊಂಡಂತಾಗುತ್ತಿತ್ತು. ವಯೋಮಿತಿಯನ್ನು ನಿರ್ಧರಿಸುವಾಗ ಸಾಧನ ನೀಡುವುದರ ಅಪಾಯವನ್ನೂ, ನೀಡದಿರುವುದರ ಅಪಾಯವನ್ನೂ ತೂಗಿನೋಡಬೇಕಾಗುತ್ತದೆ.

ನಮ್ಮ ದೇಶದಲ್ಲಿ ವಿಕಲಚೇತನರಿಗೆ ಸಹಾಯಕ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯಡಿ ಈ ಇಂಪ್ಲಾಂಟನ್ನು ಮಕ್ಕಳಿಗೆ ನೀಡುವ ವ್ಯವಸ್ಥೆಯಿದೆ. ಮುಂಬಯಿಯಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ದೋಷ ಸಂಸ್ಥೆಯು ಇದರ ಪ್ರಧಾನ ನಿರ್ವಾಹಕ ಸಂಸ್ಥೆಯಾಗಿದೆ. ಮಾತು ಬರುವ ಮೊದಲೇ ಕಿವುಡುತನ ಉಂಟಾದ ಮಕ್ಕಳ ವಿಷಯದಲ್ಲಿ ಈ ಯೋಜನೆಗೂ ವಯೋಮಿತಿಯಿದ್ದು, ಮೊದಲ ಐದು ವರ್ಷಗಳಿಗೆ ಪ್ರಾಧಾನ್ಯ ನೀಡಲಾಗಿದೆ. ಆದ್ದರಿಂದ ಶಬ್ದಕ್ಕೆ ಓಗೊಡದ ಮಗುವಿನ ಪರೀಕ್ಷೆಯನ್ನು ‘ದೊಡ್ಡದಾದ ಮೇಲೆ ನೋಡೋಣ’ ಎಂದು ಮುಂದೂಡುವುದು ಸಲ್ಲದು. ಕನ್ನಡದಲ್ಲಿಯೇ ಸಲಹೆ ಬಯಸುವವರಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಭಾರತದ ನಿಯಂತ್ರಣ ವ್ಯವಸ್ಥೆ

ಭಾರತದಲ್ಲಿ ವೈದ್ಯಕೀಯ ಸಾಧನಗಳು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ ವ್ಯಾಪ್ತಿಗೆ ಒಳಪಡುತ್ತವೆ. 2017ರಲ್ಲಿ ಪ್ರಕಟವಾದ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಫೆಬ್ರವರಿಯ ಅಧಿಸೂಚನೆಯ ಮೂಲಕ ಎಲ್ಲ ವೈದ್ಯಕೀಯ ಸಾಧನಗಳನ್ನೂ ಆ ವರ್ಷದ ಏಪ್ರಿಲ್ 1ರಿಂದ ಕಾನೂನಿನ ವ್ಯಾಪ್ತಿಗೆ ತಂದು, ಪರವಾನಗಿಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಲಾಯಿತು. ಸಾಧನಗಳನ್ನು ಅಪಾಯದ ಪ್ರಮಾಣಕ್ಕನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಉಷ್ಣಮಾಪಕ ಮತ್ತು ರಕ್ತದೊತ್ತಡ ಮಾಪಕಗಳು ಬಿ ವರ್ಗಕ್ಕೂ, ಹೃದಯದ ಕವಾಟವು ಅತ್ಯಧಿಕ ಅಪಾಯದ ಡಿ ವರ್ಗಕ್ಕೂ ಸೇರುತ್ತವೆ. ತಯಾರಕರು ಸಲ್ಲಿಸಬೇಕಾದ ದಾಖಲೆಗಳಲ್ಲಿ ಸಾಧನದ ಉದ್ದೇಶಿತ ಬಳಕೆಯೊಂದಿಗೆ, ಅದು ಯಾವ ವರ್ಗದ ರೋಗಿಗಳಿಗೆ ಉದ್ದೇಶಿತವಾದುದು ಎಂಬ ವಿವರವೂ ಇರಬೇಕಾಗುತ್ತದೆ. ಸಾಧನವು ಮಕ್ಕಳಿಗಾಗಿಯೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದುದು ಈ ವಿವರದಲ್ಲಿ.

ಮಕ್ಕಳ ಮೇಲೆ ಯಾವುದೇ ವೈದ್ಯಕೀಯ ಸಂಶೋಧನೆ ನಡೆಸುವಾಗ ಮತ್ತೊಂದು ಬಗೆಯ ವಯೋಮಿತಿ ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯ ಪ್ರಕಾರ 18 ವರ್ಷ ತುಂಬದವರ ಪರವಾಗಿ ತಂದೆತಾಯಿ ಅಥವಾ ಕಾನೂನುಬದ್ಧ ಪೋಷಕರು ಒಪ್ಪಿಗೆ ನೀಡಬೇಕು. ಅದರೊಂದಿಗೆ 7 ವರ್ಷ ತುಂಬಿದ ಮಕ್ಕಳಿಂದ ಮೌಖಿಕವಾಗಿಯೂ, 12 ವರ್ಷ ತುಂಬಿದವರಿಂದ ಲಿಖಿತವಾಗಿಯೂ ಸಮ್ಮತಿ ಪಡೆಯಬೇಕು. ಈ ಗಡಿಗಳು ಮಗುವಿನ ತಿಳಿವಳಿಕೆಯನ್ನು ಆಧರಿಸಿದವು. ಸಾಧನದ ಗಡಿಗಳು ಮಗುವಿನ ಶರೀರವನ್ನು ಆಧರಿಸಿದವು. ಎರಡನ್ನೂ ಬೆರೆಸಬಾರದು. ತಾನೇ ಸಹಿ ಹಾಕಬಲ್ಲ 18 ವರ್ಷದ ಯುವಕನ ಮೂಳೆಗಳು ಇನ್ನೂ ಬೆಳೆಯುತ್ತಿರಬಹುದು. ಹಾಗೆಯೇ ಬೆಳವಣಿಗೆ ಪೂರ್ಣಗೊಂಡ 16 ವರ್ಷದ ಯುವತಿಯ ಪರವಾಗಿ ಸಹಿ ಹಾಕಬೇಕಾದವರು ಪೋಷಕರೇ.

ಅನುಮೋದನೆಯೊಂದಿಗೆ ನಿಯಂತ್ರಣದ ಕಾರ್ಯ ಮುಗಿಯುವುದಿಲ್ಲ. ಬಳಕೆಯಲ್ಲಿರುವ ಸಾಧನಗಳಿಂದ ಉಂಟಾಗುವ ತೊಂದರೆಗಳನ್ನು ದಾಖಲಿಸಲು 2015ರ ಜುಲೈನಲ್ಲಿ ಭಾರತೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವನ್ನು ಆರಂಭಿಸಲಾಯಿತು. ಘಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗವು ಇದರ ಸಮನ್ವಯ ಕೇಂದ್ರವಾಗಿದೆ. ಮಕ್ಕಳ ಮೇಲಿನ ಪೂರ್ವಪರೀಕ್ಷೆಗಳು ಕಡಿಮೆಯಿರುವ ಕಾರಣ, ಬಳಕೆಯ ನಂತರ ಬರುವ ಇಂತಹ ವರದಿಗಳಿಗೆ ವಿಶೇಷ ಬೆಲೆಯಿದೆ. ವರದಿಯಲ್ಲಿ ಮಗುವಿನ ವಯಸ್ಸಿನೊಂದಿಗೆ ತೂಕವನ್ನೂ ನಮೂದಿಸಿದರೆ ಅದರ ಉಪಯುಕ್ತತೆ ಹೆಚ್ಚುತ್ತದೆ.

ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು

ಮಗುವಿಗೆ ಸಾಧನವೊಂದನ್ನು ಸೂಚಿಸಿದಾಗ ವೈದ್ಯರೊಂದಿಗೆ ಈ ಕೆಳಕಂಡ ವಿಷಯಗಳನ್ನು ಚರ್ಚಿಸುವುದು ಉಚಿತ.

1. ಈ ಸಾಧನವು ಯಾವ ವಯಸ್ಸಿನ, ಯಾವ ತೂಕದ ಮಕ್ಕಳಿಗೆಂದು ಅನುಮೋದನೆ ಪಡೆದಿದೆ?

2. ವಯಸ್ಕರ ಸಾಧನವನ್ನೇ ಬಳಸುವುದಾದರೆ ಅದಕ್ಕೆ ಕಾರಣವೇನು? ಅನ್ಯಮಾರ್ಗಗಳಿವೆಯೇ?

3. ಮಗು ಬೆಳೆದಂತೆ ಇದನ್ನು ಬದಲಿಸಬೇಕಾಗುವುದೇ? ಸುಮಾರು ಯಾವಾಗ?

4. ಆಟ, ಈಜು, ಶಾಲೆಯ ದೈಹಿಕ ಶಿಕ್ಷಣ ಇವುಗಳಿಗೆ ನಿರ್ಬಂಧವಿದೆಯೇ?

5. 18 ವರ್ಷ ತುಂಬಿದ ಮೇಲೆ ಇದರ ತಪಾಸಣೆಯನ್ನು ಯಾವ ವಿಭಾಗದಲ್ಲಿ ಮುಂದುವರಿಸಬೇಕು?

ವಯಸ್ಕರ ಸಾಧನವನ್ನು ಮಗುವಿಗೆ ಬಳಸುವುದೆಲ್ಲವೂ ತಪ್ಪೆಂದು ಭಾವಿಸಬೇಕಾಗಿಲ್ಲ. ಬೇರೆ ಸಾಧನವೇ ಇಲ್ಲದಿರುವಾಗ ಅನುಭವಿ ವೈದ್ಯರು ಸಾಧಕಬಾಧಕಗಳನ್ನು ತೂಗಿ ಅಂತಹ ನಿರ್ಧಾರ ಕೈಗೊಳ್ಳುತ್ತಾರೆ. ಅದು ತಂದೆತಾಯಿಯ ಅರಿವಿನೊಂದಿಗೆ ನಡೆಯಬೇಕೆಂಬುದಷ್ಟೇ ಮುಖ್ಯ. ಸಾಧನದ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆಗಳಿರುವ ಚೀಟಿಯನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ಉದ್ಯೋಗನಿಮಿತ್ತ ಒಂದು ನಗರದಿಂದ ಮತ್ತೊಂದು ನಗರಕ್ಕೆ ವರ್ಗವಾಗುವ ಕುಟುಂಬಗಳಿಗೆ ಇದು ಅತ್ಯಗತ್ಯ. ಪುಣೆಯಲ್ಲಿ ಅಳವಡಿಸಿದ ಸಾಧನವನ್ನು ಹೈದರಾಬಾದಿನಲ್ಲಿ ತಪಾಸಣೆ ಮಾಡುವ ವೈದ್ಯರಿಗೆ ಆ ಚೀಟಿಯೇ ಮೊದಲ ಆಧಾರ.

ಕಾನೂನು ಎಲ್ಲಿಯಾದರೂ ಒಂದೆಡೆ ಗೆರೆ ಎಳೆಯಲೇಬೇಕು; ಗೆರೆಯಿಲ್ಲದೆ ಯಾರ ಹೊಣೆ ಎಷ್ಟೆಂಬುದು ನಿರ್ಧಾರವಾಗುವುದಿಲ್ಲ. ಆದರೆ ಆ ಗೆರೆಯ ಎರಡೂ ಬದಿಯಲ್ಲಿರುವವರು ಅಂಕಿಗಳಲ್ಲ, ಬೆಳೆಯುತ್ತಿರುವ ಜೀವಗಳು. ಆದ್ದರಿಂದ ಸಾಧನದ ಪೆಟ್ಟಿಗೆಯ ಮೇಲೆ ಮುದ್ರಿಸಿದ ವಯಸ್ಸನ್ನು ಓದಿದ ಮೇಲೆಯೂ, ಇದು ಈ ಮಗುವಿನ ತೂಕಕ್ಕೆ, ಅಳತೆಗೆ, ಬೆಳವಣಿಗೆಯ ಹಂತಕ್ಕೆ ಹೊಂದುವುದೇ ಎಂದು ಕೇಳುವುದು ತಂದೆತಾಯಿಗಳ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.